ಹಿಂಬದಿ ಬೀಚಿನ ಕಾವಲು

ಶನಿವಾರ ಬೆಳಿಗ್ಗೆ ಹತ್ತಾಯಿತೆಂದರೆ ಮರ್ಲ್ ಟ್ವೀಡಿ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದೇ ಒಂದು ಸಲ ಹಾರ್ನ್ ಒತ್ತುತ್ತಿದ್ದಳು. ಎರಡನೇ ಸಲ ಒತ್ತುವವರು ಅವಳ ಲೆಕ್ಕದಲ್ಲಿ ಸಂಸ್ಕಾರವಿಲ್ಲದವರು. ಬ್ರೆಡ್ಡು, ಹಾಲು, ಗಾಳಕ್ಕೆ ಸಿಕ್ಕಿಸುವ ಸಿಗಡಿಯ ವ್ಯಾಪಾರವನ್ನು ಸೊಸೆಗೆ ಒಪ್ಪಿಸಿ, ಮಡಚುವ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡು ನಾನು ಹೋಗಿ ಅವಳ ಪಕ್ಕ ಕೂರುತ್ತಿದ್ದೆ. "ಮೊಣಕಾಲು ಹೇಗಿದೆ?" ಎಂದು ನಾನು ಕೇಳುವುದು, "ಇದೆ" ಎಂದು ಅವಳು ಹೇಳುವುದು. ಅಲ್ಲಿಂದ ಹಿಂಬದಿ ಬೀಚಿನವರೆಗೆ ಮಾತಿಲ್ಲ. ವರ್ಷಗಟ್ಟಲೆ ಒಂದನ್ನೇ ವಿರೋಧಿಸುತ್ತಾ ಬಂದವರಿಗೆ ದಾರಿಯಲ್ಲಿ ಮಾತಾಡಲು ಹೊಸದೇನಿರುತ್ತದೆ?

ಹಿಂದಿನ ಸೀಟಿನಲ್ಲಿ ನಮ್ಮ ಫಲಕಗಳು ಇರುತ್ತಿದ್ದವು. ಯಾವುದೋ ಹಳೆಯ ಚುನಾವಣೆಯಲ್ಲಿ ಸೋತವನ ಪ್ರಚಾರದ ಹಲಗೆಗಳು ಅವು. ಒಂದು ಬದಿಯಲ್ಲಿ ಅವನು ಹಲ್ಲು ಕಿರಿದುಕೊಂಡು ವೋಟು ಕೇಳುತ್ತಿದ್ದ. ಇನ್ನೊಂದು ಬದಿಯಲ್ಲಿ ಮರ್ಲ್ ಕುಂಚದಿಂದ ಬರೆದಿದ್ದಳು: 'ಇದು ಸಂಸಾರಸ್ಥರ ಊರು. ಬಟ್ಟೆ ಹಾಕಿಕೊಳ್ಳಿ.' ಸಮುದ್ರದ ಗಾಳಿ ಜೋರಾದಾಗ ಹಲಗೆ ತಿರುಗಿಬಿಡುತ್ತಿತ್ತು. ಆಗ ಆ ಬಡಪಾಯಿ ಬಟ್ಟೆ ಬಿಚ್ಚಲು ಹೊರಟವರ ಹತ್ತಿರವೂ ವೋಟು ಕೇಳಿದಂತೆ ಕಾಣುತ್ತಿತ್ತು.

ನಮ್ಮೂರು ವಾರಿಗಲ್ ಪಾಯಿಂಟಿನಲ್ಲಿ ಎರಡು ಬೀಚುಗಳಿವೆ. ಮುಂಬದಿಯದು ಊರಿನದು. ಅಲ್ಲಿ ಜೀವರಕ್ಷಕರ ಕ್ಲಬ್ಬು, ಕೆಂಪು ಹಳದಿ ಬಾವುಟಗಳು, ಐಸ್‌ಕ್ರೀಮು, ಮಕ್ಕಳ ಕಿರುಚಾಟ. ಹಿಂಬದಿಯದು ಗುಡ್ಡದಾಚೆ, ಉದ್ದನೆಯ ಮರದ ಮೆಟ್ಟಿಲು ಇಳಿದರೆ ಸಿಗುವಂಥದ್ದು. ಮೊದಲೆಲ್ಲ ಮೀನು ಹಿಡಿಯುವವರು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ಒಂದು ದಿನ ಕೌನ್ಸಿಲಿನವರು ಅಲ್ಲಿ ಬಟ್ಟೆ ಹಾಕುವುದು ಬಿಡುವುದು ಅವರವರ ಇಷ್ಟ ಎಂದು ಬೋರ್ಡು ನೆಟ್ಟು ಹೋದರು. ಊರಿಗೆ ಊರೇ ಎದ್ದು ನಿಂತಿತು. ಮೊದಲ ಶನಿವಾರ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಪಾದ್ರಿ ಬಂದರು, ಟಿವಿಯವರು ಬಂದರು, ಕ್ಲಬ್ಬಿನ ಹುಡುಗರು ಸಾಸೇಜು ಸುಟ್ಟು ಹಂಚಿದರು. ಆಮೇಲೆ ಕ್ರಿಕೆಟ್ ಶುರುವಾಯಿತು, ಪಾದ್ರಿಗೆ ವರ್ಗವಾಯಿತು. ಕೊನೆಗೆ ಉಳಿದವರು ಮೂವರು. ಮರ್ಲ್, ನಾನು, ಮತ್ತೆ ಮನೆ ಮಾರಾಟದ ಏಜೆಂಟಾಗಿದ್ದ ಲೈಲ್ ಪೋಕಾಕ್. ಲೈಲ್ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಗೊರಕೆ ಹೊಡೆಯುತ್ತಾ ವಿರೋಧಿಸುತ್ತಿದ್ದ.

ನಾವು ಹೆದರಿದ್ದು ಪಟ್ಟಣದ ಹುಡುಗ ಹುಡುಗಿಯರಿಗೆ. ಬಂದವರು ನಮ್ಮ ವಯಸ್ಸಿನವರೇ. ನಿವೃತ್ತ ಮೇಷ್ಟರು, ಬಸ್ ಡ್ರೈವರು, ದಂತವೈದ್ಯ ಮತ್ತವನ ಹೆಂಡತಿ. ಕೊಡೆ, ಕುರ್ಚಿ, ಸ್ಯಾಂಡ್‌ವಿಚ್ ಡಬ್ಬಿ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಇಳಿಯುವರು. ಅವರಿಗೊಬ್ಬ ಮುಖಂಡನಿದ್ದ, ರೈಲಿನಲ್ಲಿ ಗಾರ್ಡ್ ಆಗಿದ್ದ ನೆವ್ ಪ್ರಿಡಲ್. ತಲೆಯ ಮೇಲೆ ಅಂಚು ಹರಿದ ಹುಲ್ಲಿನ ಟೋಪಿ. ಬೇಸಿಗೆಯಿರಲಿ ಚಳಿಯಿರಲಿ, ಬೆಳಿಗ್ಗೆ ಏಳಕ್ಕೆಲ್ಲ ಅವನ ದಂಡು ನನ್ನ ಅಂಗಡಿಯ ಜಗುಲಿಯಲ್ಲಿ ಜಮಾಯಿಸಿ ಚಹಾ ಕುಡಿದು, ಮಾಂಸ ತುಂಬಿ ಬೇಯಿಸಿದ ಪೈ ತಿಂದು, ಗಡಿಯಾರ ನೋಡುತ್ತಾ ಕೂರುತ್ತಿತ್ತು. ಎಂಟು ಹೊಡೆದ ಮೇಲೆ ನೆವ್ ರೈಲು ಬಿಡುವವನಂತೆ ಕೈಯೆತ್ತಿ "ಹೊರಡಿ" ಅನ್ನುವನು. ವಿರೋಧಿಸುವವಳ ಅಂಗಡಿಯಲ್ಲೇ ಅವರ ತಿಂಡಿ. ಏನು ಮಾಡುವುದು, ಪೈ ಮಾರುವಾಗ ನಾನು ಯಾರ ಬಟ್ಟೆಯ ವಿಚಾರವನ್ನೂ ಕೇಳುವವಳಲ್ಲ.

ನೆವ್ ಎಲ್ಲರನ್ನೂ ಅಡ್ಡಹೆಸರಿನಲ್ಲೇ ಕರೆಯುವವನು. ಲೈಲ್ ಅವನಿಗೆ 'ಗೊರಕೆ', ನಾನು 'ಪೈಯಮ್ಮ'. ಮರ್ಲ್ ಒಬ್ಬಳು ಮಾತ್ರ 'ಮಿಸೆಸ್ ಟ್ವೀಡಿ'. ಹನ್ನೊಂದರ ಸುಮಾರಿಗೆ ನೀರಿನ ಬಾಟಲಿ ತುಂಬಿಸಲು ಪಂಚೆಯಂತೆ ಟವೆಲು ಸುತ್ತಿಕೊಂಡು, ನಾವು ಕೂತ ಮೆಟ್ಟಿಲ ತುದಿಗೆ ಹತ್ತಿ ಬರುವನು.

"ಬಿಸಿಲು ಜಾಸ್ತಿ ಇದೆ, ಮಿಸೆಸ್ ಟ್ವೀಡಿ. ಕುರ್ಚಿ ಆ ಮರದ ಕೆಳಗೆ ಹಾಕ್ಕೊಡ್ಲಾ?"

"ನನ್ನ ಮೈ ಮೇಲೆ ಬಟ್ಟೆ ಇದೆ, ನೆವಿಲ್. ಬಿಸಿಲಿನ ಚಿಂತೆ ನಿನಗಿರ್ಲಿ."

"ಸರಿ ಬಿಡಿ. ನಿಮ್ಮ ಹಲಗೆ ಉಲ್ಟಾ ಹಿಡ್ದಿದೀರಿ, ನಾನು ಆಗ್ಲೇ ಅವನಿಗೆ ವೋಟ್ ಹಾಕ್ಬಿಟ್ಟೆ."

ಲೈಲ್ ಟೋಪಿಯ ಅಡಿಯಲ್ಲೇ ನಗುವನು. ಮರ್ಲ್ ಹಲಗೆ ತಿರುಗಿಸಿಕೊಂಡು, ಗಾಂಭೀರ್ಯ ಬಿಡದೆ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವಳು. ಹೊರಗಿನವರಿಗೆ ಇದೊಂದು ತಮಾಷೆ. ನನಗೆ ಹಾಗನ್ನಿಸುತ್ತಿರಲಿಲ್ಲ, ಏಕೆಂದರೆ ಅವಳು ಅಲ್ಲಿ ಏತಕ್ಕೆ ಕೂತಿದ್ದಾಳೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮರ್ಲ್ ಈ ಊರಲ್ಲೇ ಹುಟ್ಟಿದವಳು. ಅಪ್ಪ ಮೀನುಗಾರ. ಗಂಡ ಆಲ್ಫ್ ಮರದ ಮಿಲ್ಲಿನಲ್ಲಿದ್ದ, ಬೇಗ ಹೋದ. ಶಾಲೆಯ ಕ್ಯಾಂಟೀನಿನಲ್ಲಿ ದುಡಿದು, ಊರಿನ ಅರ್ಧ ಮಕ್ಕಳಿಗೆ ಗದರಿ ಗದರಿ ಸೇಬು ತಿನ್ನಿಸಿದವಳು ಇವಳು. ಅವಳಿಗಿದ್ದ ಸುಖವೆಂದರೆ ಒಂದೇ, ಬೆಳಗಿನ ಸಮುದ್ರಸ್ನಾನ. ಮುಂಬದಿ ಬೀಚಿನಲ್ಲಿ ಒಂದಷ್ಟು ಹೆಂಗಸರು ರಬ್ಬರಿನ ಹೂವಿರುವ ಟೋಪಿ ತೊಟ್ಟು, ಸೊಸೆಯರನ್ನು ಬೈಯುತ್ತಾ ಅಲೆಗಳಲ್ಲಿ ಮುಳುಗೇಳುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮುಂದೆ, ಅಲೆ ಒಡೆಯುವ ಜಾಗ ದಾಟಿ ಹೋಗುವವಳು ಇವಳೇ. ಆಲ್ಫ್ ಸತ್ತ ಮಾರನೆಯ ದಿನವೂ ಹೋಗಿದ್ದಳು. ಊರು ಮೂಗು ಮುರಿದರೆ, "ಅಳೋಕೆ ಬೇರೆ ಎಲ್ಲಿ ಹೋಗ್ಲಿ, ಇಲ್ಲಾದ್ರೆ ಉಪ್ಪುನೀರಲ್ಲಿ ಉಪ್ಪುನೀರು" ಅಂದಿದ್ದಳು.

ಆಮೇಲೆ ಅವಳ ಎಡ ಮೊಲೆ ತೆಗೆದರು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವಳು ನಾನು. ಗಾಯ ಮಾಗಿದ ಮೇಲೆ ಈಜುಡುಗೆಯ ಒಳಗೆ ಇಟ್ಟುಕೊಳ್ಳಲು ಒಂದು ಮೆತ್ತೆ ಕೊಟ್ಟರು. ಮೊದಲ ದಿನವೇ ದೊಡ್ಡದೊಂದು ಅಲೆ ಬಂದು ಆ ಮೆತ್ತೆ ಜಾರಿ ಹೊರಗೆ ತೇಲಿತು. ಕ್ಲಬ್ಬಿನ ನಾಯಿ ಅದನ್ನು ಚೆಂಡೆಂದು ಬಗೆದು ಕಚ್ಚಿಕೊಂಡು ದಡಕ್ಕೆ ತಂದು, ಎಲ್ಲರ ನಡುವೆ ಇಟ್ಟು, ಬಾಲ ಅಲ್ಲಾಡಿಸುತ್ತಾ ನಿಂತಿತು. ಯಾರೂ ನಗಲಿಲ್ಲ. ಒಬ್ಬಳು ಅದನ್ನು ತೊಳೆದು ಟವೆಲಿನಲ್ಲಿ ಸುತ್ತಿ ಕೊಟ್ಟಳು, ಇನ್ನೊಬ್ಬಳು ಭುಜ ತಟ್ಟಿದಳು, ಎಲ್ಲರ ಬಾಯಲ್ಲೂ 'ಪಾಪ'. ನಕ್ಕಿದ್ದರೆ ಮರ್ಲ್ ಎರಡು ಬೈದು ಮತ್ತೆ ನೀರಿಗಿಳಿಯುತ್ತಿದ್ದಳು. ಆ 'ಪಾಪ' ಅವಳನ್ನು ಕೊಂದಿತು.

ಮುಂಬದಿ ಬೀಚಿಗೆ ಮತ್ತೆ ಕಾಲಿಡಲಿಲ್ಲ. ಆದರೆ ಕೆಲವು ತಿಂಗಳ ನಂತರ, ಬೆಳಿಗ್ಗೆ ಹಾಲಿಗೆ ಬಂದಾಗ ಅವಳ ಕೂದಲು ಒದ್ದೆಯಿತ್ತು. ಕುತ್ತಿಗೆಯ ಮೇಲೆ ಮರಳು ಅಂಟಿತ್ತು.

"ಎಲ್ಲಿಗೆ ಹೋಗಿದ್ದೆ?" ಎಂದೆ.

"ಹಿಂಬದಿಗೆ."

"ಒಬ್ಬಳೇನಾ? ಆ ಮೆತ್ತೆ ಹಾಕ್ಕೊಂಡಾ?"

"ಏನೂ ಹಾಕ್ಕೊಂಡಿಲ್ಲ. ಬರೀ ಮೈಯಲ್ಲಿ ಹೋಗ್ತೀನಿ. ಈಗ ಸಮಾಧಾನ ಆಯ್ತಾ? ಅಲ್ಲಿ ಯಾರೂ ಇರಲ್ಲ ಕಣೇ. ಯಾರೂ ಪಾಪ ಅನ್ನಲ್ಲ." ಹಾಲಿನ ಡಬ್ಬಿ ತೆಗೆದುಕೊಂಡು, ಬಾಗಿಲ ಹತ್ತಿರ ತಿರುಗಿದಳು. "ಯಾರಿಗಾದ್ರೂ ಹೇಳಿದ್ರೆ ನಿನ್ನ ಅಂಗಡಿಗೆ ಕಾಲಿಡಲ್ಲ."

ಹೀಗೆ ನಮ್ಮೂರಿನಲ್ಲಿ ಹಿಂಬದಿ ಬೀಚಿಗೆ ಬಟ್ಟೆ ಬಿಟ್ಟು ಇಳಿದವರಲ್ಲಿ ಮೊದಲನೆಯವಳು ಮರ್ಲ್ ಟ್ವೀಡಿ. ಬೋರ್ಡು ಬಂದದ್ದು ಆಮೇಲೆ.

ಬೋರ್ಡು ನೆಟ್ಟ ಕೆಲವೇ ದಿನಕ್ಕೆ ಅವಳು ಒಣಗಿದ ಕೂದಲಲ್ಲಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಹಿಂದಿನ ದಿನ ನೀರಿನಿಂದ ಎದ್ದು ಬರುವಾಗ ಮೇಲೆ ನೋಡಿದ್ದಳಂತೆ. ಮೆಟ್ಟಿಲ ತುದಿಯಲ್ಲಿ ಒಬ್ಬ ಗಂಡಸು, ಹುಲ್ಲಿನ ಟೋಪಿಯವನು, ನಿಂತಿದ್ದನಂತೆ. ಇವಳು ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಅವನು ಅಲ್ಲಿರಲಿಲ್ಲ.

"ಹೋಯ್ತು ಕಣೇ ಡಾಟ್," ಅಂದಳು. "ಅವರು ಬಂದ್ಬಿಟ್ರು. ಅದೂ ಹೋಯ್ತು."

ಅವಳು ಮೊದಲ ಫಲಕ ಬರೆದದ್ದು ಆ ವಾರವೇ. ಸಂಸಾರ, ಮಕ್ಕಳು, ಊರಿನ ಮಾನ ಎಂದೆಲ್ಲ ಬರೆದದ್ದು ಸುಳ್ಳಲ್ಲ, ಅವಳು ಅದನ್ನೂ ನಂಬಿದ್ದಳು. ಆದರೆ ಅವಳಿಗೆ ಬೇಕಾಗಿದ್ದು ಆ ಬೆಳಗಿನ ನೀರು, ಯಾರ ಕಣ್ಣೂ ಇಲ್ಲದ ನೀರು. ನಾನು ಎಷ್ಟು ಸಲ ಹೇಳಿದ್ದೇನೆ: "ಬೆಳಿಗ್ಗೆ ಒಂದು ಗಂಟೆ ಹೊತ್ತು ಬಿಟ್ಕೊಡಿ ಅಂತ ಅವರನ್ನೇ ಕೇಳು. ರಾಕ್ಷಸರೇನಲ್ಲ." ಅವಳ ಉತ್ತರ ಒಂದೇ. "ಕೇಳಿದ್ರೆ ಯಾಕೆ ಅಂತಾರೆ. ಯಾಕೆ ಅಂತ ಹೇಳಿದ್ರೆ ಪಾಪ ಅಂತಾರೆ." ನನಗೆ ರೇಗುತ್ತಿತ್ತು. ಹಠಕ್ಕೂ ಒಂದು ಮಿತಿ ಬೇಡವೇ? ಹಾಗಂತ ಬಿಟ್ಟುಬಿಡಲೂ ಆಗದೆ ಪ್ರತಿ ಶನಿವಾರ ಕುರ್ಚಿ ಹೊತ್ತು ಹೋಗಿ ಕೂತೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಏನೆಂದು ನನ್ನ ಸೊಂಟವನ್ನು ಕೇಳಬೇಕು.

ಕಳೆದ ಶರತ್ಕಾಲದಲ್ಲಿ ಕೌನ್ಸಿಲು, ಬೋರ್ಡನ್ನು ಕಾಯಂ ಮಾಡಬೇಕೋ ಕಿತ್ತು ಹಾಕಬೇಕೋ ತೀರ್ಮಾನಿಸುತ್ತೇವೆ, ಬಂದು ಮಾತಾಡಿ ಎಂದು ಊರಿಗೆಲ್ಲ ತಿಳಿಸಿತು. ಸಭೆ ನಡೆದದ್ದು ಯುದ್ಧದಲ್ಲಿ ಸತ್ತವರ ಹೆಸರುಗಳಿರುವ ನಮ್ಮ ಹಳೆಯ ಭವನದಲ್ಲಿ. ಮರ್ಲ್ ಚರ್ಚಿಗೆ ಹೋಗುವ ನೀಲಿ ಉಡುಪು ತೊಟ್ಟು ಬಂದಳು. ಮುಖ ಸೊರಗಿತ್ತು. ಗೆಲ್ಲಬೇಕೆಂಬ ಆಸೆ ಅವಳಲ್ಲಿ ಉಳಿದಿರಲಿಲ್ಲ, ಮುಗಿದರೆ ಸಾಕು ಎಂಬಂತಿತ್ತು.

"ಇವತ್ತಾದ್ರೂ ಆ ಬೆಳಗಿನ ಹೊತ್ತು ಕೇಳು," ಎಂದು ಕಿವಿಯಲ್ಲಿ ಹೇಳಿದೆ.

"ಬಾಯಿ ಮುಚ್ಚು, ಡಾಟ್."

ಅವಳ ಸರದಿ ಬಂತು. ಎದ್ದು ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತು, ಮಕ್ಕಳು, ಸಂಸಾರಸ್ಥರು, ಊರಿನ ಮರ್ಯಾದೆ ಎಂದು ಹೇಳಿದಳು. ಅದನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದಳೆಂದರೆ ಅವಳಿಗೇ ಅದು ಕೇಳಿಸುತ್ತಿರಲಿಲ್ಲವೇನೋ. ಮೇಯರ್ ಒಬ್ಬ ನಡುವಯಸ್ಸಿನ ಹೆಂಗಸು, ಕೆಟ್ಟವಳಲ್ಲ. ಕನ್ನಡಕ ಕೆಳಗಿಳಿಸಿ ಕೇಳಿದಳು, "ಮಿಸೆಸ್ ಟ್ವೀಡಿ, ನೀವು ಇಷ್ಟು ವರ್ಷ ಕೂತಿದ್ದೀರಿ. ಪೂರ್ತಿ ಮುಚ್ಚೋಕೆ ಆಗದಿದ್ರೆ, ನಿಮಗೆ ಬೇಕಾಗಿರೋದು ಇನ್ನೇನಾದ್ರೂ ಇದೆಯಾ? ಏನಾದ್ರೂ ಏರ್ಪಾಡು?"

ಮರ್ಲ್ ಬಾಯಿ ತೆರೆದಳು. ಭವನದಲ್ಲಿ ಆ ಮುಂಬದಿ ಬೀಚಿನ ಹೆಂಗಸರೂ ಇದ್ದರು, ಭುಜ ತಟ್ಟಿದವಳೂ ಇದ್ದಳು. ಮರ್ಲ್ ಅವರನ್ನು ನೋಡಿದಳು.

"ಏನೂ ಇಲ್ಲ," ಅಂದು ಕೂತಳು.

ಅವಳಿಗೆ ಅಲ್ಲೇ ಎರಡು ಬಿಗಿಯಬೇಕು ಅನ್ನಿಸಿತು. ಅಳುವೂ ಬಂತು.

ಕೊನೆಯಲ್ಲಿ ನೆವ್ ಎದ್ದ. ಕೋಟು ಹಾಕಿದ್ದ. ಅವನಿಗೆ ಕೋಟು ಇರುವುದೇ ನಮಗೆ ಗೊತ್ತಿರಲಿಲ್ಲ. ಹುಲ್ಲಿನ ಟೋಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಕಸ ನಾವೇ ಎತ್ತುತ್ತೇವೆ, ಗದ್ದಲ ಮಾಡುವುದಿಲ್ಲ ಎಂದೆಲ್ಲ ಹೇಳಿ, ತಡೆದು ತಡೆದು ಮುಂದುವರಿಸಿದ.

"ಇನ್ನೊಂದು ಮಾತು. ಬೋರ್ಡು ಇದ್ರೂ ಇಲ್ದೆ ಇದ್ರೂ, ಬೆಳಿಗ್ಗೆ ಎಂಟರ ಒಳಗೆ ನಮ್ಮವರು ಯಾರೂ ಕೆಳಗಿಳಿಯಲ್ಲ. ಮೊದಲಿಂದ ಹೇಗೋ ಹಾಗೇ. ಅದನ್ನೂ ಬೇಕಾದ್ರೆ ಬರ್ಕೊಳ್ಳಿ."

"ಮೊದಲಿಂದ ಅಂದ್ರೆ?" ಎಂದಳು ಮೇಯರ್.

"ಬೋರ್ಡು ಬಂದ ಹೊಸದ್ರಲ್ಲಿ ಒಂದಿನ ನಾನು ಬೆಳಗಾಗ್ತಾನೇ ಹೋಗಿದ್ದೆ. ಕೆಳಗೆ ಯಾರೋ ಒಬ್ಬರು ಈಜ್ತಾ ಇದ್ರು. ಒಬ್ಬರೇ. ಒಬ್ಬರೇ ಇರಬೇಕು ಅಂತ ಬಂದವರ ಹಾಗೆ. ನಾನು ವಾಪಸ್ ಬಂದೆ. ಅದು ಅವರ ಹೊತ್ತು, ನಾವು ಆಮೇಲೆ ಬಂದವರು ಅಂತ ನಮ್ಮವರಿಗೆಲ್ಲ ಹೇಳಿದೆ. ಅವತ್ತಿಂದ ಇವತ್ತಿನವರೆಗೂ ಎಂಟು ಗಂಟೆ ಆಗೋವರೆಗೆ ಪೈಯಮ್ಮನ ಅಂಗಡೀಲಿ ಕೂತಿರ್ತೀವಿ."

"ಯಾರದು ಅಂತ ಗೊತ್ತಾ ನಿಮಗೆ?"

ನೆವ್ ನಮ್ಮ ಕಡೆ ನೋಡಲಿಲ್ಲ. "ಕನ್ನಡಕ ಕಾರಲ್ಲಿತ್ತು," ಅಂದ. "ಅದಿಲ್ದೆ ನನಗೆ ಅಷ್ಟು ದೂರದಿಂದ ಮನುಷ್ಯರೋ ಡಾಲ್ಫಿನ್ನೋ ಗೊತ್ತಾಗಲ್ಲ."

ಭವನವೆಲ್ಲ ನಕ್ಕಿತು. ನನ್ನ ಕೈ ಮೇಲೆ ಮರ್ಲ್‌ಳ ಕೈ ಬಂದು ಬಿತ್ತು, ಮಂಜುಗಡ್ಡೆಯಷ್ಟು ತಣ್ಣಗೆ. ನಾನು ಅಷ್ಟು ವರ್ಷ ಅವರಿಗೆ ಚಹಾ ಬಗ್ಗಿಸಿದ್ದೆ. ಮುದುಕರು, ನಿಧಾನದವರು ಅಂದುಕೊಂಡಿದ್ದೆನೇ ಹೊರತು ಯಾತಕ್ಕೆ ಗಡಿಯಾರ ನೋಡುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ.

ಬೋರ್ಡು ಕಾಯಂ ಆಯಿತು, ಎಂಟು ಗಂಟೆಯ ಮಾತೂ ಅದರಲ್ಲಿ ಸೇರಿತು. ನಾವು ಸೋತೆವು. ಲೈಲ್ ಎಚ್ಚರಗೊಂಡು "ಏನಾಯ್ತು?" ಎಂದು ಕೇಳಿದ. ಕಾರಿನಲ್ಲಿ ಮರ್ಲ್ ಕೀಲಿ ಹಾಕಿ ತಿರುಗಿಸದೆ ಸುಮ್ಮನೆ ಕೂತಳು.

"ನಾವು ಎಷ್ಟು ಗಂಟೆಗೆ ಹೋಗ್ತಿದ್ವಿ?" ಎಂದಳು.

"ಹತ್ತಕ್ಕೆ."

"ಹತ್ತಕ್ಕೆ," ಅಂದಳು. ಆಮೇಲೆ ಕೀಲಿ ತಿರುಗಿಸಿದಳು.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅಂಗಡಿ ಮುಂದೆ ಹಾರ್ನ್ ಆಯಿತು. ಒಂದೇ ಸಲ. ನಾನು ಏಪ್ರನ್ ಬಿಚ್ಚಿಟ್ಟು ಹೋದೆ. ಹಿಂದಿನ ಸೀಟಿನಲ್ಲಿ ಹಲಗೆಗಳಿರಲಿಲ್ಲ, ಒಂದು ಟವೆಲಿತ್ತು.

ಮೆಟ್ಟಿಲುಗಳ ತುದಿಯಲ್ಲಿ ನಿಂತು ಇಬ್ಬರೂ ಕೆಳಗೆ ನೋಡಿದೆವು. ಒಂದು ನರಪಿಳ್ಳೆಯೂ ಇಲ್ಲ. ಮರಳಿನ ಮೇಲೆ ಹಕ್ಕಿಗಳ ಹೆಜ್ಜೆ ಬಿಟ್ಟರೆ ಏನೂ ಇಲ್ಲ. ಅವಳು ಬಿಟ್ಟು ಬಂದ ಹಾಗೇ ಇತ್ತು ಬೀಚು. ಮೆಟ್ಟಿಲು ಮಾತ್ರ ಮೊದಲಿನದಲ್ಲ, ಅಥವಾ ಮೊಣಕಾಲು ಮೊದಲಿನದಲ್ಲ. ನಾಲ್ಕು ಮೆಟ್ಟಿಲು ಇಳಿಯುವುದರಲ್ಲಿ ಅವಳ ಮುಖ ಬಿಳಿಚಿತು.

"ವಾಪಸ್ ಹೋಗೋಣ್ವಾ?" ಎಂದೆ.

"ಬಾಯಿ ಮುಚ್ಚು, ಡಾಟ್," ಎಂದು ಅಲ್ಲೇ ಕೂತಳು. ಕೂತಲ್ಲೇ ಒಂದೊಂದೇ ಮೆಟ್ಟಿಲು, ಅಂಬೆಗಾಲಿಡುವ ಮಗು ಇಳಿಯುವಂತೆ, ಕುಂಡೆ ಊರಿ ಊರಿ ಇಳಿದಳು. ನಾನು ಟವೆಲು, ಫ್ಲಾಸ್ಕು, ನನ್ನ ಸೊಂಟ ಎಲ್ಲವನ್ನೂ ಹೊತ್ತುಕೊಂಡು ಹಿಂದೆ ಇಳಿದೆ. ಕೆಳಗೆ ತಲುಪಿದ ಮೇಲೆ ಅವಳು ನನ್ನನ್ನು ದಿಟ್ಟಿಸಿದಳು. ನಾನು ಬಂಡೆಯ ಕಡೆ ಮುಖ ತಿರುಗಿಸಿ ಕೂತೆ. ಬಟ್ಟೆಯ ಸದ್ದಾಯಿತು. ಒದ್ದೆ ಮರಳಿನ ಮೇಲೆ ನಿಧಾನದ ಹೆಜ್ಜೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಬೈಗುಳ, ಮೀನುಗಾರರು ಬೈಯುವಂಥದ್ದು, ಅದರ ಹಿಂದೆಯೇ ನೀರಿಗೆ ಬಿದ್ದ ಸದ್ದು. ನೀರಿಗಿಳಿದವಳಿಗೆ ಇನ್ನು ಚಳಿಯೇನು ಎಂದುಕೊಂಡು ನಾನು ಚಹಾ ಬಗ್ಗಿಸಿಕೊಂಡೆ.

ಮೇಲೆ ಹತ್ತುವಾಗ ಅರ್ಧ ದಾರಿಯಲ್ಲಿ ಅವಳಿಗೆ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಒದ್ದೆ ತಲೆಯನ್ನು ಕಂಬಿಗೆ ಆನಿಸಿ, ಸದ್ದಿಲ್ಲದೆ ಅತ್ತಳು.

"ದಿನಾ ಖಾಲಿ ಇತ್ತು ಕಣೇ," ಅಂದಳು. "ದಿನಾ ಬೆಳಿಗ್ಗೆ. ಇಷ್ಟು ವರ್ಷ. ನಾನು ಮೇಲಿಂದ ಒಂದ್ಸಲ ಬಗ್ಗಿ ನೋಡಿದ್ರೆ ಆಗ್ತಿತ್ತು."

"ಲೆಕ್ಕ ಹಾಕ್ಬೇಡ."

"ಲೆಕ್ಕ ಹಾಕ್ತಾ ಇಲ್ಲ. ಸುಸ್ತಾಗಿದೆ ಅಷ್ಟೇ."

ನಾನೂ ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಎಂಟು ದಾಟಿ ಬಹಳ ಹೊತ್ತಾಗಿತ್ತು. ಆದರೂ ಮೇಲಿಂದ ಯಾರೂ ಇಳಿದು ಬರಲಿಲ್ಲ.

ಹತ್ತಿ ಮುಗಿಸಿದಾಗ ಕಾರಣ ಕಂಡಿತು. ಅವರೆಲ್ಲ ಅಲ್ಲೇ ಇದ್ದರು. ದಂತವೈದ್ಯ, ಅವನ ಹೆಂಡತಿ, ಮೇಷ್ಟರು, ಸ್ವೆಟರು ಮಫ್ಲರು ತೊಟ್ಟು, ಕುರ್ಚಿ ಕೊಡೆ ಹಿಡಿದು, ಮೆಟ್ಟಿಲಿಗೆ ಬೆನ್ನು ಹಾಕಿ ಸಾಲಾಗಿ ನಿಂತು ರಸ್ತೆಯ ಕಡೆ ನೋಡುತ್ತಿದ್ದರು. ರಸ್ತೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನೆವ್ ಎಲ್ಲರಿಗಿಂತ ಹಿಂದೆ, ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದ. ನಮ್ಮ ಹೆಜ್ಜೆ ಕೇಳಿ ಪಕ್ಕಕ್ಕೆ ಸರಿದ. ಯಾರೊಬ್ಬರೂ ಪಾಪ ಅನ್ನಲಿಲ್ಲ.

"ನೀರು ಹೇಗಿದೆ, ಮಿಸೆಸ್ ಟ್ವೀಡಿ?" ಎಂದು ಕೇಳಿದ, ರಸ್ತೆಯನ್ನೇ ನೋಡುತ್ತಾ.

"ತಣ್ಣಗಿದೆ." ಮರ್ಲ್ ಕಾರಿನ ಬಾಗಿಲು ಹಿಡಿದು ಸುಧಾರಿಸಿಕೊಂಡಳು. "ಶನಿವಾರ ಹತ್ತಕ್ಕೆ ಹಲಗೆ ತಗೊಂಡು ಬರ್ತೀನಿ, ನೆವಿಲ್. ಸೋತಿದ್ದೀನಿ ಅಷ್ಟೇ, ಒಪ್ಪಿಲ್ಲ."

"ಬನ್ನಿ. ಕುರ್ಚಿ ನೆರಳಲ್ಲಿ ಹಾಕಿಟ್ಟಿರ್ತೀನಿ."

ಅವಳು ಒಳಗೆ ಕೂತು ಬಾಗಿಲೆಳೆದುಕೊಂಡಳು. ಆಮೇಲೆ ಕಿಟಕಿಯ ಗಾಜು ಇಳಿಸಿದಳು.

"ನಿನ್ನ ಕನ್ನಡಕ ಎಲ್ಲಿದೆ?"

"ಕಾರಲ್ಲಿದೆ."

"ಅಲ್ಲೇ ಇರ್ಲಿ," ಅಂದಳು ಮರ್ಲ್.